ಅಮ್ಮನ ಕಾಯಂ ಓದುಗ

ನನ್ನ ಅತ್ತಿಗೆ ಯಾವುದನ್ನೂ ಸುಮ್ಮನೆ ನಂಬುವವಳಲ್ಲ. ಹಾಲನ್ನು ಮೂಸಿ ನೋಡುತ್ತಾಳೆ, ಬೀಗ ಹಾಕಿದ ಮೇಲೆ ಜಗ್ಗಿ ನೋಡುತ್ತಾಳೆ, ನಾನು ಹೊಲಿದುಕೊಟ್ಟ ಅಂಗಿಯನ್ನು ಒಳಗು ಹೊರಗು ಮಾಡಿ ಹೊಲಿಗೆ ಎಳೆದು ನೋಡುತ್ತಾಳೆ. ಅಣ್ಣ ಅವಳಿಗಿಟ್ಟ ಹೆಸರು ‘ತಪಾಸಣೆ’. ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದ್ದರಿಂದ ನಾನೂ ಬೇಕಾದಷ್ಟು ರೇಗಿಸುತ್ತೇನೆ. ಅವಳು ರೇಗುವುದೇ ಇಲ್ಲ, ಅದೊಂದೇ ಬೇಜಾರು.

ನಮ್ಮ ಮನೆ ಮಹಡಿಯಲ್ಲಿ, ಕೆಳಗೆ ನನ್ನ ಹೊಲಿಗೆ ಅಂಗಡಿ. ಅಂಗಡಿಯ ಹಿಂಭಾಗದಲ್ಲಿ ಒಂದು ಮೇಜು, ಎರಡು ಮಾನಿಟರು, ನನ್ನ ಚಿಂದಿ ಬಟ್ಟೆಗಳಿಂದ ಮಾಡಿದ ದಿಂಬು: ಇಷ್ಟು ಅವಳ ಆಫೀಸು. ಬೇಕರಿ, ಹಲ್ಲಿನ ಡಾಕ್ಟರು, ಈಜುಕೊಳ, ಇಂಥವರ ವೆಬ್‌ಸೈಟುಗಳನ್ನು ನೋಡಿಕೊಳ್ಳುವುದು ಕೆಲಸ. ಸೈಟಿಗೆ ಬೇರೆಯವರು ಮಾಡಿಟ್ಟ ಸಿದ್ಧ ಭಾಗಗಳನ್ನು ಸಿಕ್ಕಿಸುತ್ತಾರೆ. ಅವು ಪ್ಲಗಿನ್‌ಗಳು. ಫೋಟೋ ತೋರಿಸಲು ಒಂದು, ಓದುಗರ ಅಭಿಪ್ರಾಯ ಬರೆಸಲು ಒಂದು.

“ಹೊರಗಿನವರು ಬರೆಯೋ ಜಾಗ ಇದ್ಯಲ್ಲ, ಕಳ್ಳ ನುಗ್ಗೋದು ಅಲ್ಲೇ” ಅನ್ನುತ್ತಾಳೆ ಅತ್ತಿಗೆ. ಪ್ಲಗಿನ್ ಮಾಡಿದವನು ಸೋಮಾರಿಯಾದರೆ, ಅಲ್ಲಿ ಬರೆದದ್ದನ್ನು ಬ್ರೌಸರು ಬರೀ ಮಾತೆಂದು ತೋರಿಸುವ ಬದಲು ಅಪ್ಪಣೆಯೆಂದು ಪಾಲಿಸಿಬಿಡುತ್ತದಂತೆ. ಆದ್ದರಿಂದ ಯಾವುದೇ ಪ್ಲಗಿನ್ ಬರಲಿ, ಮೊದಲು ಸೈಟಿನ ನಕಲಿನಲ್ಲಿ ಹಾಕಿ, ಅದರ ಪ್ರತಿ ಖಾನೆಯಲ್ಲೂ ‘ಯಾರದು?’ ಎಂದು ಕೇಳು ಎಂಬ ನಿರಪಾಯದ ಅಪ್ಪಣೆಯೊಂದನ್ನು ಬರೆಯುತ್ತಾಳೆ. ಪುಟದ ಮೇಲೆ ‘ಯಾರದು?’ ಎಂಬ ಪೆಟ್ಟಿಗೆ ಚಿಮ್ಮಿತೋ, ಆ ಪ್ಲಗಿನ್‌ಗೆ ಗೇಟ್‌ಪಾಸ್.

ಅವಳು ಪರೀಕ್ಷೆ ಮಾಡದೆ ಬಿಟ್ಟದ್ದು ಒಂದನ್ನೇ. ಅದು ಅಮ್ಮನದು.

ಅಪ್ಪ ಸಿಟಿ ಬಸ್ಸಿನ ಡ್ರೈವರಾಗಿದ್ದರು. ಅವರು ಹೋದ ಮೇಲೆ ಅಮ್ಮ ಮಾತೇ ಬಿಟ್ಟಳು. ಏನಾದರೂ ಬರೆಯಲಿ ಎಂದು ಅತ್ತಿಗೆ ಅಪ್ಪನ ಹೆಸರಿನಲ್ಲಿ ಒಂದು ಪುಟ ಮಾಡಿಕೊಟ್ಟಳು. ಓದಿದವರ ಅಭಿಪ್ರಾಯಕ್ಕೆಂದು ಹೂಬಳ್ಳಿಯ ಅಂಚಿನ ಪ್ಲಗಿನ್ ಒಂದನ್ನು ಅಮ್ಮ ತಾನೇ ಆರಿಸಿ ಹಾಕಿಕೊಂಡಳು. ಅತ್ತೆ ಮೆಚ್ಚಿದ ಹೂಬಳ್ಳಿಗೆ ಕೈಹಾಕಿ ಯಾವ ಸೊಸೆ ನಿಷ್ಠುರ ಕಟ್ಟಿಕೊಳ್ಳುತ್ತಾಳೆ? ಅತ್ತಿಗೆ ಸುಮ್ಮನಾದಳು.

ನೆಂಟರು ಒಂದೆರಡು ಸಾಲು ಬರೆದು ಕೈತೊಳೆದುಕೊಂಡರು. ಒಬ್ಬ ಮಾತ್ರ ಬಿಡಲಿಲ್ಲ. ‘ಇಷ್ಟು ಚೆನ್ನಾಗಿ ಬರೆಯುವವರನ್ನು ನೋಡಿಲ್ಲ. ಮತ್ತೆ ಮತ್ತೆ ಬಂದು ಓದುತ್ತೇನೆ. ಇನ್ನೂ ಬರೆಯಿರಿ.’ ಪ್ರತಿಸಲವೂ ಹೆಚ್ಚುಕಡಿಮೆ ಅದೇ ಮಾತು. ಅಮ್ಮನಿಗೆ ಅದು ನಿಷ್ಠೆಯಾಗಿ ಕಂಡಿತು. ಬೆಳಿಗ್ಗೆ ಪಾಸ್‌ವರ್ಡ್ ಕೊಟ್ಟು ಒಳಹೋಗಿ ಆ ಮಾತಿಗೆ ಒಪ್ಪಿಗೆ ಒತ್ತುತ್ತಿದ್ದಳು. ಆಮೇಲೆ “ನನ್ನ ಓದುಗ ಕಾಯ್ತಿರ್ತಾನೆ” ಎಂದು ಬರೆಯಲು ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಅಮ್ಮ ನಗತೊಡಗಿದ್ದಳು. ನನಗೆ ಎಷ್ಟು ಹಾಯೆನಿಸಿತ್ತೆಂದರೆ, ಆ ಮಹಾರಾಯ ಎದುರು ಸಿಕ್ಕಿದ್ದರೆ ಪುಕ್ಕಟೆಯಾಗಿ ಒಂದು ಕೋಟು ಹೊಲಿದುಕೊಡುತ್ತಿದ್ದೆ.

ಒಂದು ಬೆಳಿಗ್ಗೆ ಸೋದರಮಾವ ನನಗೆ ಫೋನು ಮಾಡಿದ. “ಏನೇ ಇದು? ಭಾವನ ಪುಟ ಒತ್ತಿದ್ರೆ ಜೂಜಾಟದ ಪುಟ ಬರ್ತಿದೆ! ಆ ಪುಣ್ಯಾತ್ಮ ಇಸ್ಪೀಟೆಲೆ ಮುಟ್ಟಿದವರಲ್ಲ!”

ಅತ್ತಿಗೆ ಕೈಲಿದ್ದ ಕೆಲಸ ಬಿಟ್ಟು ಮೊದಲು ಪುಟವನ್ನೇ ಮುಚ್ಚಿದಳು. ಆಮೇಲೆ ನಕಲಿನಲ್ಲಿ, ಹೂಬಳ್ಳಿಯ ನಡುವಿನ ಹೆಸರಿನ ಖಾನೆಯಲ್ಲಿ ತನ್ನ ಅಪ್ಪಣೆ ಬರೆದಳು. ‘ಯಾರದು?’ ಚಿಮ್ಮಿತು. ಹಳೆಯ ಅಭಿಪ್ರಾಯಗಳನ್ನು ಬಿಚ್ಚಿದರೆ, ತೀರಾ ಈಚಿನದರಲ್ಲಿ ಕಾಯಂ ಓದುಗನ ಹೆಸರಿನ ಬಾಲಕ್ಕೆ ಕಣ್ಣಿಗೆ ಕಾಣದಂತೆ ಉದ್ದನೆಯ ಅಪ್ಪಣೆ ಅಂಟಿಕೊಂಡಿತ್ತು. ಅಂತರ್ಜಾಲದಲ್ಲಿ ಹುಡುಕಿದರೆ ಅದೇ ಹೊಗಳಿಕೆ ಯಾರೋ ನೀರಿನ ಪಂಪು ಮಾರುವವರ ಸೈಟಿನಲ್ಲೂ ಇತ್ತು.

“ಇವನು ಮನುಷ್ಯನೇ ಅಲ್ಲ, ಯಂತ್ರ. ಹೊಗಳಿದ್ರೆ ಒಪ್ಪಿಗೆ ಒತ್ತುತ್ತಾರಲ್ಲ, ಅದಕ್ಕೆ. ಅತ್ತೆ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ಅದನ್ನ ತೆಗೆದ ತಕ್ಷಣ ಅವರ ಅಧಿಕಾರದಲ್ಲೇ ಆ ಅಪ್ಪಣೆ ನಡೆದುಹೋಯ್ತು.”

“ಅಮ್ಮಂಗೆ ಹೇಳ್ಬೇಡ ಕಣೇ” ಅಂದೆ. “ಆ ಬಾಲ ಕತ್ತರಿಸು, ಹೊಗಳಿಕೆ ಹಾಗೇ ಇರ್ಲಿ. ಗೊತ್ತಾದ್ರೆ ಅವಳು ಮತ್ತೆ ಬರೆಯಲ್ಲ.”

“ಹೇಳ್ದಿದ್ರೆ ನಾಳೆ ಇನ್ನೊಬ್ಬ ಹೊಗಳಿದ್ರೂ ಒತ್ತುತ್ತಾರೆ.”

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವಳ ಮಾತು ತಪ್ಪಾಗಿರಲಿಲ್ಲ. ಹೂಬಳ್ಳಿ ಕಿತ್ತುಹಾಕಿ, ಪಾಸ್‌ವರ್ಡ್ ಬದಲಿಸಿ, ಕಳ್ಳನ ಚೂರುಪಾರು ಎಲ್ಲಾದರೂ ಉಳಿದಿದೆಯೇ ಎಂದು ಅವಳು ಅಮ್ಮ ಬರೆದದ್ದನ್ನೆಲ್ಲ ಸಾಲು ಸಾಲಾಗಿ ನೋಡುತ್ತಾ ಕೂತಳು. ಸಂಜೆ ಇಬ್ಬರೂ ಮಹಡಿ ಹತ್ತಿದೆವು. ಅತ್ತಿಗೆ ಒಂದೂ ಮುಚ್ಚಿಡದೆ ಹೇಳಿದಳು. “ನಾನೂ ಪರೀಕ್ಷೆ ಮಾಡ್ಲಿಲ್ಲ, ನಂದೂ ತಪ್ಪು” ಎಂದೂ ಸೇರಿಸಿದಳು.

ಅಮ್ಮ ಕನ್ನಡಕ ತೆಗೆದು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. “ಹಾಗಾದ್ರೆ ಇಷ್ಟು ದಿನ ಯಾರೂ ಓದಿಲ್ಲ.”



“ಇವತ್ತು ನಾನು ಓದಿದೆ ಅತ್ತೆ. ಒಂದು ಸಾಲೂ ಬಿಡದೆ.”

“ನೀನು ಕಳ್ಳನ್ನ ಹುಡುಕೋಕೆ ಓದಿದೆ.”

“ಹೌದು. ಹುಡುಕ್ತಾ ಹುಡುಕ್ತಾ ಕಳ್ಳ ಮರೆತೇಹೋದ. ಎಲ್ಲಾನೂ ಚೆನ್ನಾಗಿಲ್ಲ, ಮದುವೆ ದಿನದ್ದು ಸುಮ್ನೆ ಎಳೆದಿದ್ದೀರಿ. ಆದ್ರೆ ಬಸ್ಸಲ್ಲಿ ಯಾರೋ ಗಿಳಿ ಪಂಜರ ಮರೆತುಹೋದ್ರು, ಮಾವ ಅದನ್ನ ಮನೆಗೆ ತಂದ್ರು ಅಂತ ನಿಲ್ಲಿಸಿಬಿಟ್ಟಿದ್ದೀರಲ್ಲ? ಆಮೇಲೆ? ಗಿಳಿಯವನು ಬಂದ್ನಾ?”

ಅಮ್ಮ ಸೊಸೆಯ ಮುಖವನ್ನೇ ನೋಡಿದಳು. ಹಾಲನ್ನೂ ಮೂಸದೆ ಕುಡಿಯದವಳು ಸುಮ್ಮನೆ ಹೊಗಳುವುದಿಲ್ಲವೆಂದು ಅವಳಿಗೆ ಗೊತ್ತು.

“ಮದುವೆ ದಿನದ್ದು ಎಳೆದಿದ್ದೀನಾ?” ಎಂದು ಮೊದಲು ಜಗಳಕ್ಕೇ ನಿಂತಳು. ಆಮೇಲೆ ಕನ್ನಡಕ ಏರಿಸಿ ಕುರ್ಚಿ ಎಳೆದಳು. “ಕೂತ್ಕೋ. ಅವನು ಬಂದ. ಗಿಳಿ ಹೋಗಲ್ಲ ಅಂತು.”

ಆ ಗಿಳಿಯ ಕತೆ ನನಗೆ ಬಾಯಿಪಾಠ. ಆದರೂ ಅತ್ತಿಗೆಯ ಪಕ್ಕದಲ್ಲಿ ಹೋಗಿ ಕೂತೆ.