ಚೀನಾ ನೋಡದ ಚೀನಾ ಮಾಸ್ಟರು

ಮುಷ್ಟಿ ಕಟ್ಟಿದಾಗ ನಮ್ಮ ಮಾಸ್ಟರ ಎಡಗೈಯ ಕಿರುಬೆರಳು ಮಡಚಿಕೊಳ್ಳದೆ ಹೊರಗೇ ನಿಂತಿರುತ್ತಿತ್ತು. ಉಳಿದ ಬೆರಳುಗಳೆಲ್ಲ ಒಳಗೆ ಹೋಗಿ ಕೂತರೂ ಅದೊಂದು ಮಾತ್ರ, ಪಂಕ್ತಿಯಲ್ಲಿ ಎಲೆ ಸಿಗದ ನೆಂಟನ ಹಾಗೆ, ಬಾಗಿಲಲ್ಲೇ.

ಆ ಬೆರಳಿನ ವಿಚಾರ ಮೊದಲು ಎತ್ತಿದವಳು ನನ್ನ ಅಜ್ಜಿ. ಭದ್ರಾವತಿಯ ಹಳೇನಗರದಲ್ಲಿ ನಿಂತುಹೋಗಿದ್ದ ಒಂದು ಅಕ್ಕಿ ಮಿಲ್ಲು, ಅದರ ಷೆಡ್ಡಿನಲ್ಲಿ ಮಾಸ್ಟರ ಕುಂಗ್‌ಫೂ ಕ್ಲಾಸು. ಆ ಸಂಜೆ ಅಲ್ಲಿದ್ದವರು ಮಾಸ್ಟರು, ಅವರ ಮೊದಲ ಶಿಷ್ಯ ರಫೀಕಣ್ಣ, ತೂಕದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಮಿಲ್ಲಿನ ಸಾಹುಕಾರರು, ಹೈಸ್ಕೂಲು ಓದುತ್ತಿದ್ದ ನಾನು, ನನ್ನನ್ನು ಮನೆಗೆ ಕರೆದೊಯ್ಯಲು ಬಂದ ಅಜ್ಜಿ.

"ಆ ಬೆರಳಿಗೆ ಏನಾಯ್ತಪ್ಪ?" ಎಂದಳು ಅಜ್ಜಿ.

ಮಾಸ್ಟರು ಬಾಯಿ ತೆರೆಯುವುದರೊಳಗೆ ರಫೀಕಣ್ಣ ಶುರುಮಾಡಿ ಆಗಿತ್ತು. "ಅದಾ ಅಜ್ಜಿ? ಚೀನಾದಲ್ಲಿ ಬೆಟ್ಟದ ಮೇಲೆ ಒಂದು ಮಠ ಇದೆ. ವಿದ್ಯೆ ಮುಗಿದ ದಿವ್ಸ ಇವ್ರ ಗುರುಗಳು, ಕಲ್ಲಿನ ಮೇಲೆ ಬೆರಳಿಡು ಅಂದ್ರು. ಇವ್ರು ಇಟ್ರು. ಗುರುಗಳು ಇನ್ನೊಂದು ಕಲ್ಲು ತಗೊಂಡು ಟಪ್ ಅಂತ. ಇವ್ರು ಕಣ್ಣೂ ಮಿಟುಕಿಸ್ಲಿಲ್ಲ."

ಮಾಸ್ಟರು ಕತೆ ಮುಗಿಯುವವರೆಗೂ ಕಾದರು. ಆಮೇಲೆ, "ರೈಲಿನ ಬಾಗಿಲಿಗೆ ಸಿಕ್ಕಿದ್ದು ಅಜ್ಜಿ. ಚಿಕ್ಕವನಿದ್ದೆ. ಇಡೀ ಡಬ್ಬಿ ಕೇಳೋ ಹಂಗೆ ಅತ್ತೆ" ಎಂದರು.

ಅಜ್ಜಿ ಇಬ್ಬರ ಮುಖವನ್ನೂ ನೋಡಿ, "ರಫೀಕ ಹೇಳಿದ್ದೇ ಚೆನ್ನಾಗಿದೆ ಬಿಡು" ಎಂದಳು. ಎಲ್ಲರೂ ನಕ್ಕೆವು. ಮಾಸ್ಟರೂ ನಕ್ಕರು.

ಅವರು ಚೀನಾವನ್ನು ಕಣ್ಣಿಂದ ಕಂಡವರೇ ಅಲ್ಲ. ಹುಟ್ಟಿದ್ದು ಅಸ್ಸಾಮಿನ ಚಹಾ ತೋಟಗಳ ನಡುವಿನ ಒಂದು ಪೇಟೆಯಲ್ಲಿ. ಚೀನಾದಿಂದ ಬಂದವನು ಅವರ ಮುತ್ತಜ್ಜ. ಅಪ್ಪ ಬಡಗಿ, ಊರಿನ ಅರ್ಧ ಮನೆಗಳ ಕಿಟಕಿ ಬಾಗಿಲು ಅವನ ಕೈಯವು. ಚೀನಾದ ಜೊತೆ ಯುದ್ಧವಾದ ವರ್ಷ ಪೊಲೀಸರು ಬಂದು, ಆ ಮುಖದವರನ್ನೆಲ್ಲ ಮನೆಯಿಂದ ಎಬ್ಬಿಸಿ ರೈಲು ಹತ್ತಿಸಿ ರಾಜಸ್ಥಾನದ ಒಂದು ಕ್ಯಾಂಪಿಗೆ ಕಳಿಸಿದರು. ಬೆರಳು ಜಜ್ಜಿದ್ದು ಆ ರೈಲಿನಲ್ಲಿ. ಕುಂಗ್‌ಫೂ ಕಲಿತದ್ದು ಆ ಕ್ಯಾಂಪಿನಲ್ಲಿ, ಒಬ್ಬ ಮುದಿ ಚಪ್ಪಲಿ ಹೊಲಿಯುವವನಿಂದ. "ಅಲ್ಲಿ ಬೇರೆ ಏನೂ ಕೆಲಸ ಇರ್ಲಿಲ್ಲ. ಅದಕ್ಕೇ ಕಲಿತೆ" ಎನ್ನುತ್ತಿದ್ದರು, ಯಾರಾದರೂ ಕೇಳಿದರೆ. ಒಮ್ಮೆ ಕೇಳಿದವರು ಎರಡನೇ ಸಲ ಕೇಳುತ್ತಿರಲಿಲ್ಲ. ರಫೀಕಣ್ಣನ ಕಡೆ ತಿರುಗುತ್ತಿದ್ದರು.

ಕ್ಯಾಂಪಿನಿಂದ ಬಿಟ್ಟ ಮೇಲೆ ಮನೆ ಬೇರೆಯವರ ಪಾಲಾಗಿತ್ತು. ಕಲ್ಕತ್ತೆಗೆ ಹೋಗಿ ಒಬ್ಬ ಮಾವನ ಹತ್ತಿರ ಹಲ್ಲಿನ ಸೆಟ್ಟು ಕಟ್ಟುವುದನ್ನು ಕಲಿತು, ಊರೂರು ತಿರುಗಿ, ಕಾರ್ಖಾನೆಗಳಲ್ಲಿ ಸಂಬಳ ಸರಿಯಾಗಿ ಬರುತ್ತಿದ್ದ ಕಾಲದಲ್ಲಿ ಭದ್ರಾವತಿಗೆ ಬಂದು ನಿಂತರು. ಹಗಲು ಹಲ್ಲು, ಸಂಜೆ ಷೆಡ್ಡು. ಅವರ ಹತ್ತಿರ ಬರುತ್ತಿದ್ದವರೆಲ್ಲ ಬೊಚ್ಚುಬಾಯಿಯ ಮುದುಕ ಮುದುಕಿಯರು. ಅವರ ಜೊತೆ ಮಾತಾಡಿ ಮಾತಾಡಿಯೇ ಮಾಸ್ಟರು ಕನ್ನಡ ಕಲಿತದ್ದು. ಹಾಗಾಗಿ ಅವರದು ಪಕ್ಕಾ ಅಜ್ಜಿಯರ ಕನ್ನಡ. ಗಾಳಿಯಲ್ಲಿ ಒಂದು ಒದೆ ಒದ್ದು ಕಾಲು ಕೆಳಗಿಟ್ಟು "ಉಸ್ಸಪ್ಪಾ, ಸೊಂಟ ಬಿತ್ತು ನನ್ನವ್ವಾ" ಅನ್ನುವ ಚೀನಾ ಮಾಸ್ಟರನ್ನು ನೀವು ನೋಡಿರಲಿಕ್ಕಿಲ್ಲ. ಹೊಸ ಸೆಟ್ಟು ಹಾಕಿದ ಮೇಲೆ ನನ್ನ ಅಜ್ಜಿಯ ಕೈಯಲ್ಲಿ "ಭದ್ರಾವತಿ ಅನ್ನಿ, ಬೆಲ್ಲದಚ್ಚು ಅನ್ನಿ" ಎಂದು ಅನ್ನಿಸಿ, ಒಂದು ಅಕ್ಷರ ಜಾರಿದರೂ ಸೆಟ್ಟು ಬಿಚ್ಚಿಸಿಕೊಂಡು ಮತ್ತೆ ಉಜ್ಜಲು ಕೂರುತ್ತಿದ್ದರು. ನಾನೂ ಮಾತು ಕಲಿತದ್ದು ಆ ಅಜ್ಜಿಯಿಂದಲೇ. ಒಂದೇ ಬಾಯಿಯಿಂದ ಕಲಿತವರು ನಾವಿಬ್ಬರೂ.

ಕ್ಲಾಸಿಗೆ ಸೇರಿದವರಿಗೆ ಅವರು ಮೊದಲು ಹೊಡೆಯುವುದನ್ನು ಕಲಿಸುತ್ತಿರಲಿಲ್ಲ. ಬೀಳುವುದನ್ನು ಕಲಿಸುತ್ತಿದ್ದರು. ಗೋಣಿಚೀಲದ ಮೇಲೆ ಹಿಂದಕ್ಕೆ, ಮುಂದಕ್ಕೆ, ಪಕ್ಕಕ್ಕೆ, ತಿಂಗಳುಗಟ್ಟಲೆ ಬೀಳುವುದೇ. ಬೇಜಾರಾಗಿ ಹುಡುಗರು ಬಿಟ್ಟುಹೋಗುತ್ತಿದ್ದರು. ನನಗೆ ಹೇಳಿದ್ದು ಇಷ್ಟೇ: "ಹೊಡೆಯೋರು ಬಂದ್ರೆ ಓಡು ಮಗಾ. ಓಡಕ್ಕೆ ಜಾಗ ಇಲ್ದಿದ್ರೆ ಮಾತ್ರ ನಾನು ಕಲಿಸಿದ್ದು." ಮೊನ್ನೆ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ, ಈ ವಯಸ್ಸಿನಲ್ಲಿ, ಬಸ್ಸಿನ ಮೆಟ್ಟಿಲಿನಿಂದ ಜಾರಿದೆ. ಮೈ ತಾನಾಗಿಯೇ ಗದ್ದ ಎದೆಗೆ ಒತ್ತಿ ಉರುಳಿಕೊಂಡಿತು. ಎದ್ದು ಸೀರೆ ಕೊಡವಿಕೊಂಡು ಹೊಸಮನೆ ಬಡಾವಣೆಯ ನನ್ನ ಮನೆಗೆ ನಡೆದುಕೊಂಡೇ ಹೋದೆ.

ಹುಡುಗರು ಬಿಟ್ಟುಹೋಗುವುದು ಜಾಸ್ತಿಯಾದಾಗ ರಫೀಕಣ್ಣ ಬೋರ್ಡು ಬರೆಸಿ ತಂದ. ಅವನು ಲಾರಿ ಮೆಕ್ಯಾನಿಕ್ಕು, ಮಾಸ್ಟರೆಂದರೆ ಜೀವ. ಬೋರ್ಡಿನ ಮೇಲೆ ಬೆಟ್ಟ, ಬೆಟ್ಟದ ಮೇಲೆ ಮಠ, ಕೆಳಗೆ "ಚೀನಾ ದೇಶದ ಮಹಾಗುರುಗಳಿಂದ ನೇರ ತರಬೇತಿ."

"ಬೇಡ ಮಾರಾಯ. ಅಸ್ಸಾಂ ಅಂತ ಬರೆಸು" ಎಂದರು ಮಾಸ್ಟರು.

"ಅಸ್ಸಾಂ ಅಂದ್ರೆ ಟೀಪುಡಿ ಮಾರಕ್ಕೆ ಬಂದಿದ್ದಾರೆ ಅನ್ಕೋತಾರೆ ಮಾಸ್ಟರ್."

ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ ರಫೀಕಣ್ಣ ಮೊಳೆ ಹೊಡೆದ. ಕ್ಲಾಸು ತುಂಬಿತು.

ಕತೆಗಳೂ ಬೆಳೆದವು. ಕಾರ್ಖಾನೆಯ ಗೇಟಿನ ಮುಂದೆ ಮಾಸ್ಟರು ಏಳು ಜನ ರೌಡಿಗಳನ್ನು ಒಂದು ಟವೆಲಿನಲ್ಲಿ ಮಲಗಿಸಿದ್ದನ್ನು ಕಂಡವರು ಭದ್ರಾವತಿಯಲ್ಲಿ ಮನೆಗೊಬ್ಬರಿದ್ದರು. ನಾನು ಕೇಳಿದಾಗ ಮಾಸ್ಟರು, "ಏಳಲ್ಲ ಮಗಾ, ಒಬ್ಬ. ಅವನೂ ಕುಡಿದಿದ್ದ. ನಾನು ಪಕ್ಕಕ್ಕೆ ಸರಿದೆ, ಅವನೇ ಬಿದ್ದ. ಟವೆಲು ಅವನ ಹಣೆ ಒರೆಸಕ್ಕೆ ಕೊಟ್ಟೆ" ಎಂದಿದ್ದರು. ಇದನ್ನು ನಾನು ಎಷ್ಟೋ ಜನರಿಗೆ ಹೇಳಿದೆ. "ದೊಡ್ಡವರು ಹಂಗೇ, ಹೇಳ್ಕೊಳ್ಳಲ್ಲ" ಎಂದು ತಲೆದೂಗಿದರು. ನಿಜ ಹೇಳಿದಷ್ಟೂ ಕತೆಗೆ ನೀರು ಗೊಬ್ಬರ ಆಗುತ್ತಿತ್ತು.

ಹೀಗೇ ಎಷ್ಟೋ ವರ್ಷ ಕಳೆದ ಮೇಲೆ ಆ ವರ್ಷ ಬಂತು. ಮೊದಲು ಚೀನಾದಿಂದ ಕಾಯಿಲೆ ಬಂತು ಎಂದರು. ಅದರ ಹಿಂದೆಯೇ ಗಡಿಯಲ್ಲಿ ನಮ್ಮ ಸೈನಿಕರು ಸತ್ತ ಸುದ್ದಿ. ಟೀವಿ ಹಗಲೂ ರಾತ್ರಿ ಕೂಗುತ್ತಿತ್ತು. ಯಾರೋ ರಫೀಕಣ್ಣನ ಬೋರ್ಡಿನ ಫೋಟೋ ತೆಗೆದು, "ನಮ್ಮೂರಲ್ಲೇ ಒಬ್ಬ ಚೀನಾದವನು" ಎಂದು ವಾಟ್ಸಾಪಿಗೆ ಬಿಟ್ಟರು. ಎರಡು ದಿನದಲ್ಲಿ ಬೋರ್ಡಿಗೆ ಮಸಿ ಬಿತ್ತು. ಸಾಹುಕಾರರು ಮಾಸ್ಟರನ್ನೂ ಮಕ್ಕಳ ಅಪ್ಪಂದಿರನ್ನೂ ಷೆಡ್ಡಿಗೆ ಕರೆಸಿದರು. ಸುದ್ದಿ ಕೇಳಿ ನಾನು ಶಿವಮೊಗ್ಗದಿಂದ ಓಡಿಬಂದೆ. ಎಲ್ಲರ ಮುಖಕ್ಕೂ ಮಾಸ್ಕು. ಕಣ್ಣುಗಳು ಮಾತ್ರ ಕಾಣುತ್ತಿದ್ದವು.

"ಮಾಸ್ಟ್ರೇ, ನಂದೇನಿಲ್ಲ" ಎಂದರು ಸಾಹುಕಾರರು. "ಹುಡುಗ್ರು ಮನೆ ಮುಂದೆ ಬಂದು, ಚೀನಾದವನಿಗೆ ಯಾಕೆ ಜಾಗ ಕೊಟ್ಟಿದ್ದೀರಿ ಅಂತ ಕೇಳ್ತಾರೆ. ನಾನು ಏನಂತ ಹೇಳ್ಲಿ?"

"ಅಸ್ಸಾಮಿನವನು ಅಂತ ಹೇಳಿ. ಅದೇ ನಿಜ."

ಮಗಳನ್ನು ಕ್ಲಾಸಿಗೆ ಕಳಿಸುತ್ತಿದ್ದ ಹಾರ್ಡ್‌ವೇರ್ ಅಂಗಡಿಯವರು ನಡುವೆ ಬಂದರು. "ಇಷ್ಟು ವರ್ಷ ಬೋರ್ಡ್ ಹಾಕ್ಕೊಂಡು ಚೀನಾ ಚೀನಾ ಅಂದ್ರಿ. ಕಾವು ತಟ್ಟಿದ ತಕ್ಷಣ ಅಸ್ಸಾಂ ಆಗೋಯ್ತಾ?"

"ನಾನು ಯಾವತ್ತೂ ಅಂದಿಲ್ಲಪ್ಪ."

"ಮತ್ತೆ ಬೋರ್ಡು?"

ಮಾಸ್ಟರು ರಫೀಕಣ್ಣನ ಕಡೆ ನೋಡಿದರು. ಒಂದು ಮಾತು ಸಾಕಿತ್ತು. ಬೋರ್ಡು ಹಾಕಿದ್ದು ನಾನೇ ಸ್ವಾಮಿ, ಇವರದೇನೂ ತಪ್ಪಿಲ್ಲ ಅಂದಿದ್ದರೆ ಆ ಷೆಡ್ಡು ಉಳಿಯುತ್ತಿತ್ತೋ ಏನೋ. ಆ ಹೊತ್ತಿಗೆ ರಫೀಕಣ್ಣನಿಗೆ ಶಿವಮೊಗ್ಗದಲ್ಲಿ ಅವನದೇ ಕ್ಲಾಸು ಇತ್ತು. ಆ ಬೆಟ್ಟದ ಮಠವೇ ಅದಕ್ಕೂ ಬಂಡವಾಳ. ಅವನು ಮಾಸ್ಕು ಮೂಗಿನ ಮೇಲೆ ಸರಿಮಾಡಿಕೊಂಡು ನೆಲ ನೋಡಿದ.

ನಾನೇ ಬಾಯಿ ಹಾಕಿದೆ. ಅವರ ಅಪ್ಪ ಅಸ್ಸಾಮಿನಲ್ಲಿ ಬಡಗಿ, ಅವರನ್ನು ರೈಲಿನಲ್ಲಿ ಕರೆದೊಯ್ದರು ಎಂದೆಲ್ಲ ಹೇಳಿದೆ.

"ನಿಂಗೆ ಯಾರಮ್ಮ ಹೇಳಿದ್ದು?"

"ಮಾಸ್ಟರೇ."

"ಅದೇ ಮತ್ತೆ" ಎಂದರು ಅಂಗಡಿಯವರು. ಹಿಂದಿನಿಂದ ಯಾರೋ, "ಏಳು ಜನನ್ನ ಮಲಗಿಸಿದೋರಿಗೆ ನಮ್ಮ ಭಯ ಯಾಕೋ" ಎಂದರು. ಸಾಹುಕಾರರು ಆವತ್ತು ಅಜ್ಜಿಯ ಮುಂದೆ ರೈಲಿನ ಮಾತನ್ನೂ ಕೇಳಿಸಿಕೊಂಡವರು. ನೆನಪಿನಲ್ಲಿ ಉಳಿದದ್ದು ಗುರುಗಳ ಕಲ್ಲು ಮಾತ್ರ.

ಮಾಸ್ಟರು ವಾದ ಮಾಡಲಿಲ್ಲ. ಗೋಣಿಚೀಲಗಳನ್ನು ಒಂದರ ಮೇಲೊಂದು ಒಟ್ಟಿಟ್ಟರು. ಹೊರಗೆ ಬಂದಮೇಲೆ ನನಗೆ ಹೇಳಿದರು: "ನಾವು ಇಲ್ಲಿಯವ್ರೇ ಅಂತ ನಮ್ಮಪ್ಪನೂ ಹೇಳಿದ್ದ ಮಗಾ. ಆವಾಗ ಬೋರ್ಡೂ ಇರ್ಲಿಲ್ಲ."

ಹಳೆಯ ಶಿಷ್ಯನೊಬ್ಬ ಶಿವಮೊಗ್ಗದ ಹತ್ತಿರದ ಹೊಳಲೂರಿನಲ್ಲಿ ಒಂದು ಕೋಣೆ ಕೊಟ್ಟ. ಅಲ್ಲಿ ಅವರು ಯಾರಿಗೂ ಏನೂ ಕಲಿಸಲಿಲ್ಲ. ನಾನು ಹೋದಾಗಲೆಲ್ಲ ಚಹಾ ಕಾಯಿಸಿಕೊಡುತ್ತಿದ್ದರು, ತೀರಿಹೋದ ಅಜ್ಜಿಯ ಸುದ್ದಿ ತೆಗೆಯುತ್ತಿದ್ದರು. ರಫೀಕಣ್ಣ ತಿಂಗಳಿಗೊಮ್ಮೆ ಅಕ್ಕಿ ಬೇಳೆ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದನಂತೆ. "ಒಳಗೆ ಬಾ ಅಂದ್ರೆ ಬರಲ್ಲ ಕಣೆ, ಕಳ್ಳನ ಥರ ಓಡ್ತಾನೆ" ಎಂದರು ಮಾಸ್ಟರು. ಒಂದು ಬೆಳಗ್ಗೆ ಅವರು ಏಳಲೇ ಇಲ್ಲ. ಅವರದು ಚರ್ಚಿನ ಕುಟುಂಬ. ಭದ್ರಾವತಿಯ ಕ್ರೈಸ್ತರ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಬರಬೇಕಾದವರು ಬರಲಿಲ್ಲ ಅನ್ನುವ ಹಾಗಿಲ್ಲ. ಎಲ್ಲರೂ ಬಂದರು. ಹಾರ್ಡ್‌ವೇರ್ ಅಂಗಡಿಯವರು ಹಾರ ತಂದರು. ಸಾಹುಕಾರರು, "ಎಂಥಾ ಮನುಷ್ಯ, ಬೆಟ್ಟದ ಮಠದಲ್ಲಿ ತಪಸ್ಸು ಮಾಡಿದ್ದವರು" ಎಂದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಟೀವಿ ಬೇರೆ ಯಾರನ್ನೋ ಬೈಯುತ್ತಿತ್ತು.

ಕಲ್ಲು ಹಾಕಿಸಿದ್ದು ರಫೀಕಣ್ಣ. ಹೆಸರಿನ ಕೆಳಗೆ "ಜನನ: ಚೀನಾ ದೇಶ."

"ಇನ್ನೂ ಸಾಕಾಗಿಲ್ವಾ ರಫೀಕಣ್ಣ?" ಎಂದೆ.

"ತಂಗಿ, ನನ್ನ ಹುಡುಗ್ರು ಬಂದು ನೋಡ್ತಾರೆ. ಇಷ್ಟು ವರ್ಷ ಹೇಳಿದ್ದು ಸುಳ್ಳು ಅಂತ ಕಲ್ಲಿನ ಮೇಲೆ ಬರೆಸ್ಲಾ?" ಎಂದವನು, ಕಲ್ಲಿನ ಧೂಳು ಒರೆಸುತ್ತ, "ಆವತ್ತು ಬಾಯಿ ತನಕ ಬಂತು. ಆದ್ರೆ ನನ್ನ ಮಾತು ಯಾರು ಕೇಳ್ತಿದ್ರು ಹೇಳು. ನೀನು ಎಲ್ಲಿಯವನಪ್ಪ ಅಂತ ನನ್ನನ್ನೇ ಕೇಳಿದ್ರೆ?" ಎಂದ. ನನ್ನ ಕೋಪ ಮಾತ್ರ ಹಾಗೇ ಇತ್ತು.

ಕೆಲವು ತಿಂಗಳ ಮೇಲೆ ಅಸ್ಸಾಮಿನಿಂದ ಮಾಸ್ಟರ ತಂಗಿ ಬಂದರು. ಕ್ಯಾಂಪಿನಲ್ಲಿ ಹುಟ್ಟಿದವರಂತೆ. ಅಣ್ಣನದೇ ಮುಖ, ಕೈಯಲ್ಲೊಂದು ಬಟ್ಟೆ ಚೀಲ, ರೈಲಿನಲ್ಲಿ ಕೂತೂ ಕೂತೂ ಊದಿದ ಪಾದ. ರಫೀಕಣ್ಣನೂ ನಾನೂ ಸ್ಮಶಾನಕ್ಕೆ ಕರೆದುಕೊಂಡು ಹೋದೆವು. ಆಕೆ ಕಲ್ಲಿನ ಮುಂದೆ ಕೂತು ಕನ್ನಡ ಅಕ್ಷರಗಳ ಮೇಲೆ ಕೈಯಾಡಿಸಿ, ಕೆಳಗಿನ ಸಾಲಿಗೆ ಬಂದಾಗ ನಿಂತು, ಇದೇನು ಬರೆದಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು.

ರಫೀಕಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಹುಟ್ಟಿದ ಊರು ಅಮ್ಮಾ" ಎಂದ.

"ನಮ್ಮೂರಿನ ಹೆಸರಾ?"

"ಹೌದಮ್ಮಾ. ನಿಮ್ಮೂರಿನ ಹೆಸರೇ."

ಆಕೆ ಆ ಸಾಲಿಗೆ ಹಣೆ ಮುಟ್ಟಿಸಿದರು. ನಮ್ಮೂರಲ್ಲೂ ಯಾರೂ ಇಷ್ಟು ಮಾಡುತ್ತಿರಲಿಲ್ಲ ಎಂದು ರಫೀಕಣ್ಣನ ಎರಡೂ ಕೈ ಹಿಡಿದುಕೊಂಡರು. ಮಾರನೇ ದಿನ ಅವರನ್ನು ರೈಲು ಹತ್ತಿಸಿದೆವು.

ಅದಾದ ವಾರಕ್ಕೆ ರಫೀಕಣ್ಣ ಕಲ್ಲು ಕೆತ್ತುವವನನ್ನು ಕರೆದುಕೊಂಡು ನನಗೂ ಹೇಳದೆ ಸ್ಮಶಾನಕ್ಕೆ ಹೋಗಿ ಆ ಸಾಲನ್ನು ಕೆತ್ತಿ ತೆಗೆಸಿದ. ಅದರ ಜಾಗದಲ್ಲಿ ಬೇರೆ ಏನನ್ನೂ ಬರೆಸಲಿಲ್ಲ.