ಸಣ್ಣಾಯಿಯ ವರ್ದಿ

ಹಳೆಯ ಫೋಟೋ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಮುಖವನ್ನಲ್ಲ, ಬಟ್ಟೆಯನ್ನು. ಇದು ಒಳ್ಳೆಯ ಗುಣವಲ್ಲ ಎಂಬುದು ನನಗೂ ಗೊತ್ತು. ಮನೆತನದ ಹಿರಿಯರು ಉಸಿರು ಬಿಗಿಹಿಡಿದು ಸಾಲಾಗಿ ಕುಳಿತಿರುವಾಗ ಅವರ ಹೆಸರು ಕೇಳುವುದು ಬಿಟ್ಟು ಕುಪ್ಪಸದ ತೋಳು, ಧೋತರದ ಅಂಚು ನೋಡುತ್ತ ಕೂತರೆ ಯಾರಿಗೆ ಸಿಟ್ಟು ಬರುವುದಿಲ್ಲ? "ನಿನ್ನ ಕೈಯಾಗ ವಂಶಾವಳಿ ಕೊಟ್ಟರ ಅದನ್ನೂ ಸೀರಿ ಅಂಗಡಿ ಮಾಡ್ತಿ" ಎಂದು ನಮ್ಮ ಮನೆಯವರು ಆಗಾಗ ಹೇಳುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ. ಮುಖ ಮುಚ್ಚಿಡುವ ಎಷ್ಟೋ ಸಂಗತಿಗಳನ್ನು ಬಟ್ಟೆ ಹೇಳಿಬಿಡುತ್ತದೆ ಎಂಬ ನಂಬಿಕೆ ನನ್ನದು. ಆದರೆ ಒಂದು ಫೋಟೋದ ಬಟ್ಟೆ ಮಾತ್ರ ಬಹಳ ವರ್ಷ ನನಗೆ ತಪ್ಪು ಉತ್ತರವನ್ನೇ ಕೊಟ್ಟಿತ್ತು. ಕೊಟ್ಟಿತ್ತು ಅನ್ನುವುದಕ್ಕಿಂತ ನಾನೇ ಪಡೆದುಕೊಂಡಿದ್ದೆ.

ನಮ್ಮ ಅಜ್ಜಿ ಮತ್ತು ಅವಳ ಇಬ್ಬರು ತಂಗಿಯರನ್ನು ಅಫಜಲಪುರದ ಅವರಪ್ಪ ಮೂರು ದಿಕ್ಕಿಗೆ ಕೊಟ್ಟಿದ್ದ. ಅಜ್ಜಿ ಆಳಂದಕ್ಕೆ ಬಂದಳು. ನಡುವಿನವಳು ಭೀಮಾ ದಂಡೆಯ ಮಣ್ಣೂರಿಗೆ ಹೋದಳು. ಕಿರಿಯವಳಾದ ಗುರುಬಾಯಿ, ನಮಗೆಲ್ಲ ಸಣ್ಣಾಯಿ, ಜೇವರ್ಗಿ ಹತ್ತಿರದ ಕೊಳಕೂರಿನ ಮನೆ ಸೇರಿದಳು. ಆ ಫೋಟೋ ಈ ಸಣ್ಣಾಯಿಯದು. ಮದುವೆಗಿಂತ ಮೊದಲು, ಇಪ್ಪತ್ತು ವಯಸ್ಸಿನ ಆಸುಪಾಸಿನಲ್ಲಿ ತೆಗೆಸಿದ್ದು. ಅಕ್ಕಂದಿರಿಬ್ಬರಿಗೂ ಒಂದೊಂದು ಪ್ರತಿ ಕಳಿಸಿದ್ದಳಂತೆ. ಆಳಂದದ ಪ್ರತಿ ನನ್ನ ಬಳಿ ಇದೆ. ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ನೆಟ್ಟಗೆ ನಿಂತ ಹುಡುಗಿ. ಹಣೆಯ ಮೇಲೆ ತೆಳುವಾದ ವಿಭೂತಿ. ಬಿಳಿ ಸೀರೆ, ಸೆರಗು ಮಡಿಸಿ ಭುಜಕ್ಕೆ ಬಿಗಿಯಾಗಿ ಪಿನ್ ಮಾಡಿದೆ. ಕುಪ್ಪಸಕ್ಕೆ ಅಂಗಿಯಂತೆ ಕಾಲರು, ಹೆಗಲಿಗೆ ಪಟ್ಟಿ, ಕಾಲಲ್ಲಿ ಬೂಟು. ತೋಳಿನ ಮೇಲೆ ಏನೋ ಒಂದು ಗುರುತು. ಅಷ್ಟು ಜಾಗ ಮಾತ್ರ ನೀರು ತಾಗಿ ಮಾಸಿಹೋಗಿದೆ.

ಇದು ಯಾವ ಬಟ್ಟೆ ಎಂಬುದಕ್ಕೆ ಮೂರು ತಾಲೂಕಿನಲ್ಲಿ ಮೂರು ಉತ್ತರಗಳಿದ್ದವು. ಆಳಂದದ ನಾವು ನರ್ಸ್ ಅನ್ನುತ್ತಿದ್ದೆವು. ಬಿಳಿ ಸೀರೆ ಕಂಡಮೇಲೆ ಇನ್ನೇನು ಯೋಚನೆ? ಮಣ್ಣೂರಿನವರು, ಇವಳು ಲಗ್ನಕ್ಕಿಂತ ಮೊದಲು ಘತ್ತರಗಿಯ ಭಾಗ್ಯವಂತಿ ದೇವಿಯ ಸೇವೆಗೆ ನಡೆದುಕೊಂಡವಳು, ತೋಳಿನ ಮೇಲಿರುವುದು ದೇವಿಯ ತ್ರಿಶೂಲ ಅನ್ನುತ್ತಿದ್ದರು. ಕೊಳಕೂರಿನ ಮನೆಯವರು ಬಾಯಿ ಬಿಡುತ್ತಿರಲಿಲ್ಲ. ಬಿಟ್ಟವರು ಊರಿನವರು: ಬೊಂಬಾಯಿಯ ನಾಟಕ ಕಂಪನಿಯಲ್ಲಿ ಇದ್ದವಳು, ಅದು ಪಾರ್ಟಿನ ಡ್ರೆಸ್ಸು. ಹಾಗೆ ನೋಡಿದರೆ ಈ ಮಾತಿಗೂ ಆಧಾರವಿತ್ತು. ಆ ಕಾಲದ ಫೋಟೋ ಅಂಗಡಿಗಳಲ್ಲಿ ಕೈಗಡಿಯಾರ, ಕೋಟು, ಸರ, ಕಡೆಗೆ ಹಿಂದಿನ ಪರದೆಯ ಮೇಲೆ ಬರೆದ ತೋಟ ಕೂಡ ಬಾಡಿಗೆಯದೇ ಆಗಿರುತ್ತಿತ್ತು. ನಮ್ಮ ಅಜ್ಜನ ಫೋಟೋದಲ್ಲಿರುವ ಗಡಿಯಾರ ಅವನ ಕೈಯಲ್ಲಿ ಮತ್ತೆಂದೂ ಕಂಡದ್ದಿಲ್ಲ.

ನಮ್ಮ ಕಡೆ ಸಮವಸ್ತ್ರ ಅನ್ನುವ ಮಾತು ಶಾಲೆಯ ಗೋಡೆಯ ಮೇಲೆ ಮಾತ್ರ ಇರುತ್ತದೆ. ಬಾಯಲ್ಲಿ ಬರುವುದು ವರ್ದಿ. ಉರ್ದುವಿನಿಂದ ಬಂದು ನಮ್ಮ ಮನೆಯ ಮಗಳೇ ಆಗಿಹೋದ ಮಾತು. ಅದರ ನಡುವಿನ ಅಕ್ಷರವನ್ನು ಸ್ವಲ್ಪ ಸಡಿಲಿಸಿದರೆ ಕನ್ನಡದ ವರದಿಯಾಗುತ್ತದೆ. ಎರಡು ಮಾತಿಗೂ ಹುಟ್ಟಿನ ಸಂಬಂಧವಿದೆಯೋ ಇಲ್ಲವೋ ಪಂಡಿತರು ಹೇಳಬೇಕು. ನನಗಂತೂ ಅವು ಅಕ್ಕತಂಗಿಯರಂತೆ ಕಾಣುತ್ತವೆ. ವರ್ದಿ ಎಂದರೆ ಮೈಮೇಲೆ ಹೊತ್ತುಕೊಂಡ ವರದಿಯೇ ಅಲ್ಲವೆ? ಇಂಥವರು, ಇಂಥ ಕೆಲಸದವರು ಎಂದು ದೂರದಿಂದಲೇ ಹೇಳುತ್ತದೆ. ಓದುವವರಿಗೆ ಅದರ ಲಿಪಿ ಗೊತ್ತಿರಬೇಕು, ಅಷ್ಟೆ. ನಮಗೆ ಗೊತ್ತಿರಲಿಲ್ಲ.

ಹೋದ ವರ್ಷ ಕೊಳಕೂರಿನಲ್ಲಿ ಸಣ್ಣಾಯಿಯ ಮಗಳು ಶರಣಮ್ಮ ಹೊಸ ಮನೆ ಕಟ್ಟಿಸಿದಳು. ಸಂಬಂಧದಲ್ಲಿ ನನಗೆ ಚಿಗವ್ವ. ಒಬ್ಬಳೇ ಮಗಳೆಂದು ತವರಿನಲ್ಲೇ ಉಳಿದು, ಗಂಡನನ್ನೇ ಮನೆಗೆ ತಂದುಕೊಂಡವಳು. ಪಡಸಾಲೆಯಲ್ಲಿ ಹಿರಿಯರ ಫೋಟೋ ಹಾಕಬೇಕು, ಆದರೆ ಅವ್ವನದು ಯಾವುದು ಹಾಕಬೇಕೆಂದು ಅವಳಿಗೆ ತಿಳಿಯಲಿಲ್ಲ. ಮುಪ್ಪಿನಲ್ಲಿ ತಲೆತುಂಬ ಸೆರಗು ಹೊದ್ದ ಮಸುಕು ಚಿತ್ರ ಒಂದಿತ್ತು. ಇನ್ನೊಂದು ಇದು. ಫೋನಿನಲ್ಲಿ ಕೇಳಿದಳು.

"ಸುಮಾ, ಆ ಬೂಟಿಂದು ಹಾಕಿದ್ರ ಬಂದ ಮಂದಿ ಯಾರಂತ ಕೇಳ್ತಾರ ಬೇ. ಏನಂತ ಹೇಳ್ಲಿ?"

"ನರ್ಸ್ ಅಂತ ಹೇಳು."

"ಖರೇ ಏನು?"

ಅಷ್ಟು ವರ್ಷ ಗಟ್ಟಿಯಾಗಿ ಹೇಳಿಕೊಂಡು ಬಂದ ಮಾತು, ಖರೇ ಏನು ಎಂದು ಒಬ್ಬರು ಮೆತ್ತಗೆ ಕೇಳಿದ ಕೂಡಲೇ ನನ್ನ ಬಾಯಲ್ಲೇ ಕರಗಿಹೋಯಿತು. ಆಮೇಲೆ ಚಿಗವ್ವ ತಾನಾಗಿಯೇ ಒಂದು ವಿಷಯ ಹೇಳಿದಳು. ಸಣ್ಣವಳಿದ್ದಾಗ ಬಾವಿಯ ಹತ್ತಿರ ಯಾರೋ ಹೆಂಗಸು, ನಿಮ್ಮವ್ವ ನಾಟಕದಾಕಿ ಅಂದಿದ್ದಳಂತೆ. ಅಳುತ್ತ ಮನೆಗೆ ಬಂದು ಕೇಳಿದರೆ ಸಣ್ಣಾಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ನಾಟಕ ಅಲ್ಲವ್ವ, ನೀರಿನ ಕೆಲಸ ಇತ್ತು" ಅಂದಳಂತೆ. ಅಷ್ಟೇ. ಮುಂದೆ ತಾಯಿ ಹೇಳಲಿಲ್ಲ, ಮಗಳು ಕೇಳಲಿಲ್ಲ.

ಮರುವಾರ ಮಣ್ಣೂರಿನ ಬಸ್ಸು ಹತ್ತಿದೆ. ಅಲ್ಲಿ ನಡುವಿನ ಅಜ್ಜಿಯ ಮಗ ಮಲ್ಲಣ್ಣ ಮಾಮಾ ಇದ್ದಾನೆ. ಎಂಬತ್ತು ದಾಟಿದರೂ ಮಾತಿಗೆ ಮುಪ್ಪು ಬಂದಿಲ್ಲ. ಅವನ ಪೆಟ್ಟಿಗೆಯಲ್ಲಿದ್ದ ಪ್ರತಿ ನಿನ್ನೆ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು. ಹಿಂದುಗಡೆ ಬೊಂಬಾಯಿಯ ಯಾವುದೋ ಸ್ಟುಡಿಯೋದ ಅರ್ಧ ಮುದ್ರೆ. ಮಾಮಾ ಭೂತಗನ್ನಡಿ ತಂದು ತೋಳಿನ ಗುರುತಿನ ಮೇಲೆ ಹಿಡಿದ.

"ನೋಡ್, ತ್ರಿಶೂಲ. ನಾ ಹೇಳಿದ್ದಿಲ್ಲೇನು?"

ಅವನ ಹೆಂಡತಿ ಚಹಾ ತಂದವಳು ಬಗ್ಗಿ ನೋಡಿದಳು. "ಎಲ್ಲಿ ತ್ರಿಶೂಲರಿ? ಮೊನಿ ಕೆಳಗ್ಯಾವ. ನನಗಂತೂ ಪಾತಾಳಗರಡಿ ಇದ್ದಂಗ ಕಾಣ್ತದ."

ಪಾತಾಳಗರಡಿ ಗೊತ್ತಲ್ಲ, ಬಾವಿಯಲ್ಲಿ ಬಿದ್ದ ಕೊಡವನ್ನು ಎತ್ತುವ ಕೊಕ್ಕೆ. ಮೂವರೂ ನಕ್ಕೆವು. ಮಾಮಾ ಮಾತ್ರ ಸ್ವಲ್ಪ ಕಡಿಮೆ ನಕ್ಕ. ದೇವಿಯ ಆಯುಧ ಹೋಗಿ ಬಾವಿಯ ಕೊಕ್ಕೆ ಬಂದರೆ ಯಾರಿಗೆ ಹಿತವಾಗುತ್ತದೆ? ನಾನು ಮೊಬೈಲಿನಲ್ಲಿ ಆ ಗುರುತಿನ ಫೋಟೋ ತೆಗೆದುಕೊಂಡು ಹೊರಟೆ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನೋಡುತ್ತ ನೋಡುತ್ತ ಬರುವಾಗ ಗಾಣಗಾಪುರದ ದಾರಿ ಕೂಡುವಲ್ಲಿ ನನಗೆ ಹೊಳೆಯಿತು: ಮೇಲೆ ಬಳೆ, ನಡುವೆ ಕಂಬ, ಕೆಳಗೆ ಎರಡು ಕಡೆ ಬಾಗಿದ ಕೊಕ್ಕೆ. ಇದು ಲಂಗರು. ಹಡಗಿನ ಲಂಗರು.

ಹೊಳೆದದ್ದನ್ನು ನಾನೇ ನಂಬಲಿಲ್ಲ. ನಮ್ಮ ಮೂರು ತಾಲೂಕಿನಲ್ಲಿ ಲಂಗರಿಗೆ ಏನು ಕೆಲಸ? ಇಲ್ಲಿ ಜನ ನೀರು ಎಂದರೆ ಭೀಮೆ ಅನ್ನುತ್ತಾರೆ, ಅದೂ ಬೇಸಿಗೆಯಲ್ಲಿ ನಡೆದು ದಾಟುವಷ್ಟು ಇರುತ್ತದೆ. ನಮ್ಮ ಮನೆತನದಲ್ಲಿ ಸಮುದ್ರ ಕಂಡವರನ್ನು ಲೆಕ್ಕ ಹಾಕಿದರೆ ಪ್ರವಾಸಕ್ಕೆ ಹೋಗಿ ಸೀರೆ ಒದ್ದೆ ಮಾಡಿಕೊಂಡ ನಾನೇ ದೊಡ್ಡ ನಾವಿಕಳು.

ನಮ್ಮ ಓಣಿಯ ಶಿಕ್ಷಕಿಯೊಬ್ಬರ ಅಣ್ಣ ನೌಕಾದಳದಲ್ಲಿದ್ದು ನಿವೃತ್ತರಾಗಿ ಬೆಳಗಾವಿಯಲ್ಲಿದ್ದಾರೆ. ಅವರಿಗೆ ಫೋಟೋ ಕಳಿಸಿದೆ. ಹಳೆಯ ಸ್ನೇಹಿತರನ್ನೂ ವಿಚಾರಿಸುತ್ತೇನೆ ಅಂದವರು ಕೆಲವು ದಿನ ಬಿಟ್ಟು ಫೋನು ಮಾಡಿದರು.

"ಅಕ್ಕಾರ, ಇದು ನರ್ಸಿನ ಡ್ರೆಸ್ ಅಲ್ರಿ. ನಮ್ಮದು. ಎರಡನೇ ಮಹಾಯುದ್ಧದ ಕಡೀ ವರ್ಷಗಳಾಗ ನೌಕಾದಳಕ್ಕ ಹೆಣ್ಣುಮಕ್ಕಳನ್ನ ತಗೊಂಡಿದ್ರು. ಅವರಿಗೆ ಹಿಂಗ ಸೀರಿನ ವರ್ದಿ ಇತ್ತು. ಬಿಳಿ ಸೀರಿ, ನೀಲಿ ಅಂಚು."

"ಹಡಗ ಹತ್ತಿದ್ರೇನ್ರಿ ಅವರು?"

"ಇಲ್ರಿ. ದಂಡಿಮ್ಯಾಲಿನ ಕಚೇರಿಯೊಳಗ ಇರ್ತಿದ್ರು. ಟೆಲಿಫೋನು, ಟೈಪು, ಗುಪ್ತ ಸಂದೇಶ, ಹಿಂಥಾ ಕೆಲಸ. ನಿಮ್ಮ ಅಜ್ಜಿ ಇದರಾಗ ಯಾವುದು ಮಾಡಿದ್ರು ಅಂತ ಫೋಟೋ ನೋಡಿ ಹೇಳಾಕ ಆಗೂದಿಲ್ರಿ. ಆದ್ರ ಇವರು ನಮಗ ಹಿರಿಯರು. ಅಷ್ಟು ಹೇಳಬಲ್ಲೆ."

ಆಮೇಲೆ ಉಳಿದ ತುಣುಕುಗಳು ಒಂದೊಂದಾಗಿ ಕೂಡಿಕೊಂಡವು. ಸಣ್ಣಾಯಿ ಸೊಲ್ಲಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಇಂಗ್ಲಿಷ್ ಶಾಲೆಯಲ್ಲಿ ಓದಿದ್ದು ನಮಗೆ ಗೊತ್ತಿತ್ತು. ಮಾವನ ಕುಟುಂಬ ಬೊಂಬಾಯಿಗೆ ಹೋದಾಗ ಇವಳೂ ಹೋದದ್ದು ಗೊತ್ತಿತ್ತು. ಯುದ್ಧ ಮುಗಿದ ಮೇಲೆ ಮರಳಿ ಬಂದು ಮದುವೆಯಾದದ್ದೂ ಗೊತ್ತಿತ್ತು. ನಡುವಿನದೊಂದೇ ಗೊತ್ತಿರಲಿಲ್ಲ. ಅವಳು ಯಾಕೆ ಹೇಳಲಿಲ್ಲ ಎಂದು ಈಗ ಯೋಚಿಸಿದರೆ, ಯಾರಿಗೆ ಹೇಳಬೇಕಿತ್ತು ಎಂದೂ ಅನ್ನಿಸುತ್ತದೆ. ನಿಜಾಮನ ರಾಜ್ಯದ ಒಂದು ಹಳ್ಳಿ, ಯುದ್ಧದ ಬೆನ್ನಿಗೇ ರಜಾಕಾರರ ಗದ್ದಲ, ಆಮೇಲೆ ಸ್ವಾತಂತ್ರ್ಯದ ಹುರುಪು. ಇದರ ನಡುವೆ, ನಾನು ಇಂಗ್ಲಿಷರ ಹಡಗಿನ ದಂಡಿನಲ್ಲಿದ್ದೆ ಎಂದು ಹೊಸ ಸೊಸೆ ಯಾವ ಬಾಯಿಂದ ಹೇಳಿಯಾಳು? ನೀರಿನ ಕೆಲಸ ಅಂದಳು. ಸುಳ್ಳು ಹೇಳಲಿಲ್ಲ ನೋಡಿ.

ಈ ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಕೊಳಕೂರಿಗೇ ಹೋದೆ. ಚಿಗವ್ವ ಹಳೆಯ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಎಲ್ಲ ಹೇಳಿದೆ. ಅವಳ ಕೈ ಕಲ್ಲು-ಹಳ್ಳು ಆರಿಸುತ್ತಲೇ ಇತ್ತು.

"ನೀರಿನ ಕೆಲಸ ಅಂದ್ರ ಇದೇನು?"

"ಇದೇ ಇರಬೇಕು ಚಿಗವ್ವ."

ಅವಳು ಮೊರ ಕೆಳಗಿಟ್ಟಳು. "ನಾ ಇಷ್ಟು ವರ್ಷ ಏನ್ ತಿಳಿದಿದ್ದೆ ಗೊತ್ತದೇನು? ನಮ್ಮವ್ವ ಬೊಂಬಾಯಾಗ ಯಾರೋ ಸಾಹೇಬರ ಮನಿಗೆ ನೀರ ಹೊರತಿದ್ಲು ಅಂತ. ನಾಟಕದಾಕಿ ಅಂದವರಿಗೆ, ಅಲ್ಲ, ನೀರ ಹೊರಾಕಿ ಅಂತ ಹೆಂಗ ಹೇಳ್ಲಿ? ಅದಕ್ಕ ಸುಮ್ನಿದ್ದೆ." ಹಾಗಂದು ನಗತೊಡಗಿದಳು. ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡರಲ್ಲಿ ಯಾವುದು ಮೊದಲು ಬಂತೋ ನನಗೆ ತಿಳಿಯಲಿಲ್ಲ. "ಹೊಲಕ್ಕ ಹೋದ್ರೂ ಸೀರಿಗೆ ಪಿನ್ ಹಾಕ್ತಿದ್ಲು ಬೇ. ಅದ್ಯಾಕಂತ ಅವಳ ಅತ್ತಿ ಬೈತಿದ್ಲು. ಕೈಗೆ ಒಗ್ಗಿದ್ದು ಬಿಡ್ತದೇನು?" ಅಂದಳು.

ಯಾವ ಫೋಟೋ ಹಾಕಬೇಕೆಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ದೊಡ್ಡದು ಮಾಡಲು ಜೇವರ್ಗಿಗೆ ಕೊಟ್ಟರೆ ಸ್ಟುಡಿಯೋದವನು ಉತ್ಸಾಹದಿಂದ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ಸೀರೆಗೆ ಕೆಂಪು ಅಂಚು ಕೊಟ್ಟು ಕಳಿಸಿದ. ಚಿಗವ್ವ ತಾನೇ ಆಟೋ ಹತ್ತಿ ಹೋಗಿ ವಾಪಸು ಮಾಡಿದಳಂತೆ. ಕೆಂಪು ಚಂದ ಕಾಣ್ತದಲ್ರಿ ಅಮ್ಮಾ ಅಂದರೆ, "ಚಂದ ಕಾಣ್ಲಿಕ್ಕೆ ಉಟ್ಟಿದ್ದಲ್ಲಪ್ಪ ಅದು. ನೀಲಿ ಮಾಡು" ಅಂದಳಂತೆ.

ಗೃಹಪ್ರವೇಶದ ದಿನ ನಾನೂ ಇದ್ದೆ. ಮಲ್ಲಣ್ಣ ಮಾಮಾನೂ ಬಂದಿದ್ದ. ಬರುವ ಮೊದಲೇ ಅವನು ಹೊಸ ಸತ್ಯವನ್ನು ತನ್ನದಾಗಿ ಮಾಡಿಕೊಂಡಿದ್ದ, "ನಾ ಮೊದಲಿಂದ ಹೇಳ್ತಿದ್ದೆ, ಆ ಗುರುತಿನಾಗ ಏನೋ ಅದ ಅಂತ" ಎಂದು ಎಲ್ಲರಿಗೂ ಹೇಳುತ್ತಿದ್ದ. ಸ್ವಾಮಿಗಳ ಪೂಜೆಯಾಗಿ ಹೋಳಿಗೆಯ ಪಂಕ್ತಿ ನಡೆಯಿತು. ಪಡಸಾಲೆಯಲ್ಲಿ ಬಂದವರೆಲ್ಲ ಆ ಫೋಟೋದ ಮುಂದೆ ನಿಲ್ಲುತ್ತಿದ್ದರು. ಚಿಗವ್ವ ಒಬ್ಬೊಬ್ಬರಿಗೂ ಬೇಸರವಿಲ್ಲದೆ ಹೇಳಿದಳು. "ನಮ್ಮವ್ವ. ಲಡಾಯಿ ಕಾಲದಾಗ ನೌಕಾದಳದಾಗ ಇದ್ಲು." ಮೊದಲು ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದವಳು ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಹಾಕಿಕೊಂಡೇ ಕುಳಿತಿದ್ದಳು.

ನಡುವೆ ಪಕ್ಕದ ಮನೆಯ ಹೆಣ್ಣುಮಗಳು ಕೇಳಿದಳು, "ಸಮುದ್ರ ನೋಡಿ ಅಂಜಿಕಿ ಬರ್ತಿದ್ದಿಲ್ಲೇನ್ರಿ ಅವರಿಗೆ?"

ಚಿಗವ್ವ ಫೋಟೋದ ಕಡೆ ತಿರುಗಿದಳು. "ಗೊತ್ತಿಲ್ಲವ್ವ. ನಾ ಕೇಳಲೇ ಇಲ್ಲ. ಕೇಳಬೇಕಾಗಿತ್ತು."

ಬಟ್ಟೆ ಓದಿ ಮನುಷ್ಯರನ್ನು ತಿಳಿಯುತ್ತೇನೆ ಅನ್ನುವ ನನ್ನ ಜಂಬ ಆ ಮಾತಿನ ಮುಂದೆ ಸುಮ್ಮನೆ ಒಂದು ಹೆಜ್ಜೆ ಹಿಂದೆ ಸರಿಯಿತು. ಅಂಚು ನೀಲಿ ಎಂದು ಪತ್ತೆ ಮಾಡಬಹುದು. ಅಂಜಿಕೆಯ ಬಣ್ಣ ಯಾವ ಭೂತಗನ್ನಡಿಗೆ ಸಿಕ್ಕೀತು?

ಉಂಡವರೆಲ್ಲ ಹೋದ ಮೇಲೆ ಚಿಗವ್ವನ ಸೊಸೆ ರೇಣುಕಾ ಎಲೆಯಡಿಕೆಯ ತಟ್ಟೆ ಹಿಡಿದು ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕುಳಿತಳು. ಇಪ್ಪತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿದವರು.

"ಅತ್ತಿ, ನೀವು ಲಗ್ನಕ್ಕಿಂತ ಮೊದಲ ಏನ್ ಮಾಡ್ತಿದ್ರಿ?"

"ನಾನೇನ್ ಮಾಡ್ಲಿ ಬೇ? ಏನಿಲ್ಲ" ಅಂದಳು ಚಿಗವ್ವ. ಅಡಿಕೆ ಬಾಯಿಗೆ ಹಾಕಿಕೊಂಡಳು. ಏನೋ ನೆನಪಾದಂತೆ ಒಳಗೊಳಗೇ ನಕ್ಕಳು. ಆಮೇಲೆ ಕುರ್ಚಿಯಿಂದ ಇಳಿದು ಸೊಸೆಯ ಪಕ್ಕ ಗೋಡೆಗೆ ಬೆನ್ನು ಹಚ್ಚಿ ಕುಳಿತು, "ಬಾಗಿಲ ಹಾಕಿ ಬಾ, ಹೇಳ್ತೇನಿ" ಅಂದಳು.