ರಿಸಿಂಡ್ ಅಂದರೆ ರೀಸೆಂಡ್ ಕೇಳಿಸಿತು

ಅಮೆರಿಕದ ಫ್ರೀಮಾಂಟಿನ ಕಂಪನಿಯೊಂದು ಹದಿನೇಳು ಜನಕ್ಕೆ ಕೆಲಸ ಕೊಡುತ್ತೇವೆಂದು ಸಹಿ ಹಾಕಿ ಬರೆದುಕೊಟ್ಟಿತು. ಅವರು ಇದ್ದ ಕೆಲಸ ಬಿಟ್ಟು ಬಂದ ಮೇಲೆ, ಕೊಡುವುದಿಲ್ಲ ಎಂದಿತು. ಇದು 2001ರ ಏಪ್ರಿಲ್.

ಕೊಲ್ಲಿಯ ಮೇಲಿನ ಮಂಜು ಇನ್ನೂ ಕರಗಿರುವುದಿಲ್ಲ, ನೂರುನ್ನಿಸಾ ಆ ಕಂಪನಿಯ ಟಪಾಲು ಕೋಣೆಯ ಬೀಗ ತೆಗೆಯುತ್ತಾರೆ. ಸ್ವೆಟರಿನ ತೋಳು ಮಡಿಚಿ, ಮುದ್ರೆಯ ದಿನಾಂಕವನ್ನು ಇವತ್ತಿಗೆ ತಿರುಗಿಸುತ್ತಾರೆ. ಈ ಮುದ್ರೆ ಬಿದ್ದರೇನೇ ಕಾಗದ ಕಂಪನಿಯ ಮಾತು. ಒಳಗೇನಿದೆ ಎಂದು ಅವರು ನೋಡುವವರಲ್ಲ. “ಓದೋದಕ್ಕೆ ಸಂಬಳ ಕೊಡಲ್ಲ ಇವ್ರು,” ಎಂದು ನಗುತ್ತಾರೆ.

ಮೈಸೂರಿನ ಲಷ್ಕರ್ ಮೊಹಲ್ಲಾದ ಹೆಣ್ಣುಮಗಳು. ಗಂಡ ಸಲೀಮ್ ಬೆನ್ನುನೋವಿನಿಂದ ಟ್ಯಾಕ್ಸಿ ಬಿಟ್ಟ ಮೇಲೆ ಅಪಾರ್ಟ್‌ಮೆಂಟಿನ ಬಾಡಿಗೆ, ಮಗಳು ತೂಬಾಳ ಕಾಲೇಜು ಎಲ್ಲ ಇವರ ಹೆಗಲಿಗೇ ಬಿದ್ದಿದೆ. ಈ ಕೋಣೆ ಹೋದರೆ ಎಲ್ಲವೂ ಹೋಯಿತು.

ಕೆಲಸ ರದ್ದೆಂದು ಕಂಪನಿ ಶುಕ್ರವಾರ ಇಮೇಲು ಕಳಿಸಿತ್ತು. ಅದನ್ನೇ ಹೇಳುವ ಕಾಗದ ಸೋಮವಾರ ಹೋಗಬೇಕಿತ್ತು. ಮ್ಯಾನೇಜರ್ ಶೇಷಾದ್ರಿ ಫ್ರೀವೇ ಟ್ರಾಫಿಕ್ಕಿನಿಂದ ಫೋನು ಮಾಡಿ, ಆಫರ್ ಲೆಟರೆಲ್ಲ ರಿಸಿಂಡ್, ಇವತ್ತೇ ಹೋಗಬೇಕು ಅಂದರು. ರಿಸಿಂಡ್ ಎಂದರೆ ರದ್ದು. ನೂರುನ್ನಿಸಾರ ಕಿವಿಗೆ ಬಿದ್ದದ್ದು ರೀಸೆಂಡ್, ಅಂದರೆ ಮತ್ತೆ ಕಳಿಸು. ಇಬ್ಬರೂ ಮೈಸೂರಿನವರು, ಇಬ್ಬರ ನಾಲಿಗೆಯ ಮೇಲೂ ಎರಡೂ ಒಂದೇ ಥರ ಹೊರಳುತ್ತವೆ. ನೂರುನ್ನಿಸಾ ಹಳೆಯ ಆಫರ್ ಲೆಟರುಗಳ ಪ್ರತಿ ಹುಡುಕಿ ತೆಗೆದು, ಸೋಮವಾರದ ಮುದ್ರೆ ಒತ್ತಿ, ಹದಿನೇಳನ್ನೂ ಟಪಾಲಿಗೆ ಹಾಕಿದರು.

ಗುರುವಾರ ಜಲಜಾ ಬಂದಳು. ಹಾಸನದ ಕಡೆಯ ಹುಡುಗಿ, ಆ ಹದಿನೇಳು ಜನರಲ್ಲಿ ಒಬ್ಬಳು. ಕೆಲಸವಿಲ್ಲದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಒಂದು ಕೈಯಲ್ಲಿ ಇಲ್ಲವೆನ್ನುವ ಇಮೇಲು, ಇನ್ನೊಂದರಲ್ಲಿ ಅದರ ನಂತರದ ತಾರೀಖಿನ, ಹೌದೆನ್ನುವ ಕಾಗದ.

“ಅಕ್ಕಾ, ನಾನೀಗ ಕೆಲಸದಲ್ಲಿದೀನಾ, ಇಲ್ವಾ?”

ನೂರುನ್ನಿಸಾರಿಗೆ ಗೊತ್ತಿಲ್ಲ. ಶೇಷಾದ್ರಿಯವರನ್ನು ಕೇಳಿದರೆ ವಕೀಲರನ್ನು ಕೇಳಬೇಕು ಅಂದರು. ವಕೀಲರು ನೋಡಿ ಹೇಳುತ್ತಾರಂತೆ. ಕೊಟ್ಟವರಿಗೇ ಕೊಟ್ಟಿದ್ದೇವೋ ಇಲ್ಲವೋ ತಿಳಿಯದು. “ಗೋಡೆ ಮೇಲೆ ನೀವೇ ನಮ್ಮ ಕುಟುಂಬ ಅಂತ ಬೋರ್ಡು ಬೇರೆ,” ನೂರುನ್ನಿಸಾ ಅತ್ತ ಕೈ ತೋರಿಸುತ್ತಾರೆ. “ಅದು ರದ್ದಾಗಿದ್ಯೋ ಇಲ್ವೋ, ಅದೂ ಗೊತ್ತಿಲ್ಲ.”

ಇವತ್ತು ಬೆಳಿಗ್ಗೆ ಶೇಷಾದ್ರಿ ಹೊಸದೊಂದು ಕಟ್ಟು ತಂದು ಮೇಜಿನ ಮೇಲಿಡುತ್ತಾರೆ. ಅವರ ಮುಖ ನೋಡಿ ನೂರುನ್ನಿಸಾ ಮೇಲಿನ ಕಾಗದ ಎತ್ತಿಕೊಂಡು ಓದುತ್ತಾರೆ, ಮೊದಲ ಸಲ. ಅದರಲ್ಲಿ ಬರೆದದ್ದು ಇಷ್ಟು: ಸೋಮವಾರದ ಕಾಗದವನ್ನು ಟಪಾಲು ಕೋಣೆಯ ಹೆಂಗಸು ಯಾರೂ ಹೇಳದೆ, ತಾನಾಗಿಯೇ ಕಳಿಸಿದ್ದಾಳೆ. ಅದಕ್ಕೂ ಕಂಪನಿಗೂ ಸಂಬಂಧವಿಲ್ಲ.

“ಸ್ಟಾಂಪ್ ಹೊಡೀರಿ ನೂರಮ್ಮ,” ಶೇಷಾದ್ರಿಯವರ ದನಿ ಮೆತ್ತಗಿದೆ. “ನಿಮ್ಮ ಕೆಲಸಾನಾದ್ರೂ ಉಳಿಸ್ಕೊಳ್ಳಿ.”

ನೂರುನ್ನಿಸಾ ಕಾಗದವನ್ನು ಕಟ್ಟಿನ ಮೇಲೆ ವಾಪಸಿಡುತ್ತಾರೆ.

“ತಪ್ಪು ಕೇಳಿಸ್ಕೊಂಡಿದ್ದು ನಾನೇ ಸಾರ್, ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಫೋನ್ ಮಾಡಿದ್ದು ನೀವು. ಆಫರ್ ಲೆಟರಲ್ಲಿರೋ ಸಹಿ ನಿಮ್ದು.” ಮುದ್ರೆಯನ್ನು ಡ್ರಾಯರಿಗೆ ಹಾಕಿ ಮುಚ್ಚುತ್ತಾರೆ. “ಇದಕ್ಕೆ ನಾನು ಹೊಡೆಯಲ್ಲ.”